ಅಪ್‌ಡೇಟ್: ರಿವಾಲ್ವರ್‌ನ ಮರದ ಹಿಡಿ ಕೊನೆಗೂ ಸರಿಯಾಗಿ ಕೂತಿತು

ವಾರ್ನಿಷ್ ಎದ್ದುಬಂದಿದ್ದ ವಾಲ್‌ನಟ್ ಹಿಡಿಯನ್ನು ಹೊಸದಾಗಿಸುವುದು ಹೇಗೆ, ಅದರ ಬಲಗಡೆಯ ಮರದ ಪಟ್ಟಿಗೂ ಫ್ರೇಮಿಗೂ (ರಿವಾಲ್ವರ್‌ನ ಲೋಹದ ಚೌಕಟ್ಟು) ನಡುವಿನ ಕೂದಲೆಳೆಯಷ್ಟು ಸಂದನ್ನು ಮುಚ್ಚಲು ಅಂಚನ್ನು ಉಜ್ಜಬಹುದೇ ಎಂದು ಕೇಳಿದ್ದೆ. ಅಂಚನ್ನು ಮುಟ್ಟದೆ ಒಳಮೈಯನ್ನು ಪರೀಕ್ಷಿಸಿ ಎಂದವರ ಮಾತೇ ನಿಜವಾಯಿತು. ಅವರಿಗೆ ನಾನು ಮನಸಾರೆ ಋಣಿ.

ಗುಂಡು ತುಂಬುವ ಸಿಲಿಂಡರ್‌ನ ಪ್ರತಿಯೊಂದು ಕೋಣೆಯೂ ಖಾಲಿಯಿದೆಯೆಂದು ಕಣ್ಣಾರೆ ಕಂಡ ಬಳಿಕವೇ ಸ್ಕ್ರೂ ಬಿಚ್ಚಿದೆ. ದೀಪದ ಮಸಿಗೆ ಹನಿ ಎಣ್ಣೆ ಬೆರೆಸಿ ಫ್ರೇಮಿಗೆ ತೆಳುವಾಗಿ ಸವರಿ, ಮರ ಎಲ್ಲಿ ತಾಗುತ್ತಿದೆಯೆಂದು ತಿಳಿಯಲು ಪಟ್ಟಿಯನ್ನು ಒತ್ತಿ ತೆಗೆದಾಗ, ಅದರ ಒಳಮೈಯಲ್ಲಿ ಫ್ರೇಮಿನ ಪಿನ್ನು ಕೂರುವ ರಂಧ್ರದ ಪಕ್ಕದಲ್ಲಿ ಉಗುರಿನಗಲದ ಕಪ್ಪು ಗುರುತೊಂದು ಮೂಡಿತ್ತು. ಹಿಂದೆ ಬಳಿದ ವಾರ್ನಿಷ್ ಅಲ್ಲಿಗೆ ಹರಿದು, ಗಡ್ಡೆಕಟ್ಟಿ, ಇಡೀ ಪಟ್ಟಿಯನ್ನು ಎತ್ತಿಹಿಡಿದಿತ್ತು. ಹರಿತವಾದ ಉಳಿಯಿಂದ ಅದನ್ನಷ್ಟೇ ಕೆರೆದು, ಮತ್ತೆ ಮಸಿ ಸವರಿ, ಮತ್ತೆ ಒತ್ತಿ ನೋಡಿ, ಹೀಗೆ ಐದಾರು ಸಲ ಮಾಡಿದ ಮೇಲೆ ಸಂದು ಮಾಯವಾಯಿತು. ಅಂಚನ್ನು ಉಜ್ಜಿದ್ದರೆ ಆ ಸಂದು ಎಂದೆಂದಿಗೂ ಉಳಿಯುತ್ತಿತ್ತು.

ಹೊರಮೈಯ ವಾರ್ನಿಷನ್ನು ದ್ರಾವಕದಿಂದ ಮೆತ್ತಗಾಗಿಸಿ ತೆಗೆದೆ. ಚೌಕುಳಿ ಗೀರುಗಳಿರುವ ಭಾಗಕ್ಕೆ ಉಪ್ಪುಕಾಗದ ತಾಗಿಸದೆ ಹಲ್ಲುಜ್ಜುವ ಬ್ರಷ್ಷನ್ನಷ್ಟೇ ಬಳಸಿದೆ; ಉಳಿದೆಡೆ ಮರದ ಎಳೆಯ ದಿಕ್ಕಿನಲ್ಲೇ ಒರಟಿನಿಂದ ನಯವಾದುದಕ್ಕೆ ಹೋಗುತ್ತ 220, 320, ಕೊನೆಗೆ 400ರ ಉಪ್ಪುಕಾಗದದಿಂದ ಉಜ್ಜಿದೆ. ಬಳಿಕ ಬೇಗ ಒಣಗುವ ಅಗಸೆ ಎಣ್ಣೆಯನ್ನು ತೆಳುವಾಗಿ ಹಚ್ಚಿ, ಕಾಲು ಗಂಟೆಯ ನಂತರ ಮಿಕ್ಕದ್ದನ್ನು ಒರೆಸಿ, ಒಂದು ದಿನ ಒಣಗಲು ಬಿಡುತ್ತ ಐದು ಲೇಪ ಕೊಟ್ಟೆ. ಈ ಎಣ್ಣೆಯ ಬಟ್ಟೆಯನ್ನು ಮುದ್ದೆಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು, ಆದ್ದರಿಂದ ದಯವಿಟ್ಟು ಬಯಲಲ್ಲಿ ಹರಡಿ ಒಣಗಿಸಿ.

ಸ್ಕ್ರೂವನ್ನು ಪಟ್ಟಿ ಅಲುಗಾಡದಷ್ಟು ಮಾತ್ರ ಬಿಗಿದಿದ್ದೇನೆ, ಏಕೆಂದರೆ ಅತಿಯಾಗಿ ಬಿಗಿದರೆ ಮರ ಸೀಳುತ್ತದೆ.