ಸಹಾಯ ಬೇಕು: ನನ್ನ ಮಂಜಿನಲ್ಲಿ ಪಟ್ಟೆ ಬೀಳುತ್ತಿದೆ

ನಮಸ್ಕಾರ. ಫೋಟೋ, ಶಬ್ದ, ಅನಿಮೇಷನ್ ಬೆರೆಸಿ ಕನಸಿನಂಥ ಡಿಜಿಟಲ್ ಚಿತ್ರ ಮಾಡುತ್ತೇನೆ. ಈಗಿನದು 40 ಸೆಕೆಂಡಿನ ಲೂಪ್. ಕತ್ತಲು, ಮಂಜು, ಅದರೊಳಗೆ ಏನೋ ಒಂದು. ಒಮ್ಮೆ ಮುಖ ಅನ್ನಿಸಬೇಕು, ಇನ್ನೊಮ್ಮೆ ಬೆಟ್ಟ. ಯಾವುದು ಅಂತ ನನಗೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ!

ಎಕ್ಸ್‌ಪೋರ್ಟ್ ಮಾಡಿದರೆ ಮಂಜಿನಲ್ಲಿ ಮೆಟ್ಟಿಲಿನಂಥ ಪಟ್ಟೆಗಳು ಕಾಣುತ್ತವೆ. ಮೂಲ ಫೈಲ್ 16 ಬಿಟ್, ಹೊರಬರುವ ಎಂಪಿ4 ಮಾತ್ರ 8 ಬಿಟ್. ಒಂದೊಂದು ಬಣ್ಣಕ್ಕೆ ಬರೀ 256 ಹಂತ, ಅದರಲ್ಲಿ ಕತ್ತಲಿಗೆ ಸಿಗುವುದು ಕೆಲವೇ ಅಲ್ವಾ? ಸ್ವಲ್ಪ ನಾಯ್ಸ್ (ಚಿತ್ರದ ಮೇಲೆ ಮರಳಿನಂಥ ಸಣ್ಣ ಚುಕ್ಕೆಗಳು) ಸೇರಿಸಿದೆ. ಎಡಿಟಿಂಗ್‌ನಲ್ಲಿ ಪಟ್ಟೆ ಮಾಯ. ಆದರೆ ಫೈಲ್ ಕುಗ್ಗಿಸುವ ಕಂಪ್ರೆಷನ್ ಆ ನಾಯ್ಸನ್ನೇ ತಿಂದುಹಾಕಿತು. ಬಿಟ್‌ರೇಟ್ (ಸೆಕೆಂಡಿಗೆ ಬಳಸುವ ಡೇಟಾ) ಏರಿಸಿದರೆ ಫೈಲ್ ವಿಪರೀತ ದೊಡ್ಡದು.

10 ಬಿಟ್ ಎಚ್.265 (ವಿಡಿಯೋ ಕುಗ್ಗಿಸುವ ಒಂದು ವಿಧಾನ) ಫೈಲನ್ನು ಪ್ರೊಜೆಕ್ಟರ್‌ನಲ್ಲಿ ತಡವರಿಸದೆ ಓಡಿಸಿದವರು ಇದ್ದೀರಾ? ನಾಯ್ಸ್ ಎಷ್ಟು ಹಾಕುತ್ತೀರಿ? ಮಂಜನ್ನೇ ತೆಗೆದುಬಿಡು ಅಂತ ಮಾತ್ರ ಹೇಳಬೇಡಿ.