ಆ್ಯಪ್ ಕಡತವನ್ನು ಒಡೆದ ಮೇಲೆ ಎಲ್ಲ ಪುಟಗಳಿಗೂ 404

ಮಲೆನಾಡಿಗ: ನಮ್ಮೂರ ಗ್ರಂಥಾಲಯದ ಎರವಲು ಲೆಕ್ಕಕ್ಕೆಂದು ಫ್ಲಾಸ್ಕ್‌ನಲ್ಲಿ (ಪೈಥಾನಿನ ವೆಬ್ ಚೌಕಟ್ಟು) ಬರೆದ ಒಂದೇ ಕಡತವು 1,400 ಸಾಲು ದಾಟಿದ್ದರಿಂದ, ರೂಟ್‌ಗಳನ್ನೆಲ್ಲ (ಯಾವ ವಿಳಾಸಕ್ಕೆ ಯಾವ ಪುಟ ಎಂದು ಹೇಳುವ ಭಾಗಗಳು) ರೂಟ್ಸ್.ಪೈ ಎಂಬ ಬೇರೆ ಕಡತಕ್ಕೆ ಸಾಗಿಸಿ, ಆ್ಯಪ್.ಪೈ ಕಡತದ ಕೊನೆಯಲ್ಲಿ ಅದನ್ನು ಇಂಪೋರ್ಟ್ ಮಾಡಿದ್ದೇನೆ. ದೋಷ ಸಂದೇಶ ಒಂದೂ ಇಲ್ಲ. ಆದರೂ ಯಾವ ಪುಟ ತೆರೆದರೂ 404, ಅಂದರೆ ‘ಪುಟ ಸಿಗಲಿಲ್ಲ’. ಮೂರು ಸಂಜೆಗಳು ಇದಕ್ಕೇ ಹೋದವು. ಎಲ್ಲವನ್ನೂ ಜಾಂಗೋ ಎಂಬ ಇನ್ನೊಂದು ಚೌಕಟ್ಟಿನಲ್ಲಿ ಬರೆಯಿರಿ ಎಂದು ಮಾತ್ರ ಹೇಳಬೇಡಿ.

ಹಳೇಸರ್ವರ್: ಇದು ವಿಳಾಸದ ಕೊನೆಯ ಓರೆಗೆರೆಯ ತೊಂದರೆ. ರೂಟ್‌ನಲ್ಲಿ ಓರೆಗೆರೆ ಇಲ್ಲದೆ, ಬ್ರೌಸರಿನಲ್ಲಿ ಅದನ್ನು ಸೇರಿಸಿ ಬರೆದರೆ 404 ಬರುತ್ತದೆ.

ಮಲೆನಾಡಿಗ: ಮುಖಪುಟಕ್ಕೂ 404 ಬರುತ್ತಿದೆ ಸ್ವಾಮಿ. ಅದರ ವಿಳಾಸವೇ ಬರಿಯ ಓರೆಗೆರೆ.

ಹಳೇಸರ್ವರ್: ಆದರೂ ಪ್ರತಿ ರೂಟನ್ನೂ ಒಮ್ಮೆ ಪರಿಶೀಲಿಸಿ. ನನಗೆ ಎರಡು ಸಲ ಹೀಗೆಯೇ ಆಗಿತ್ತು.

ಕೋಡಿಗ: ಆ್ಯಪನ್ನು ಚಾಲೂ ಮಾಡುವುದು ಹೇಗೆಂದು ನೀವು ತಿಳಿಸಿಲ್ಲ.

ಮಲೆನಾಡಿಗ: ಎಲ್ಲರಂತೆ, ಪೈಥಾನ್ ಆ್ಯಪ್.ಪೈ ಎಂದು. ಬಾಡಿಗೆ ಸರ್ವರಿನಲ್ಲಿ ಗುನಿಕಾರ್ನ್ ಎಂಬ ಸರ್ವರ್ ತಂತ್ರಾಂಶದ ಮೂಲಕ ಇದೇ ಕೋಡ್ ಸರಿಯಾಗಿ ನಡೆಯುತ್ತದೆ. ಮನೆಯಲ್ಲಿಯೂ ಸ್ಟ್ಯಾಟಿಕ್ ಫೋಲ್ಡರಿನ ಚಿತ್ರಗಳು ಬರುತ್ತವೆ.

ಕೋಡಿಗ: ಮೊದಲೇ ಹೇಳಬೇಕಾಗಿದ್ದ ಮಾತು ಇದು. ನೀವು ಹಾಗೆ ಚಾಲೂ ಮಾಡಿದಾಗ ಆ ಕಡತಕ್ಕೆ ಪೈಥಾನ್ ಕೊಡುವ ಹೆಸರು ‘ಮೇನ್’. ರೂಟ್ಸ್ ಕಡತವು ‘ಆ್ಯಪ್’ ಎಂಬ ಹೆಸರಿನಿಂದ ಅದನ್ನು ಕೇಳಿದಾಗ, ಅಂಥದ್ದು ಇನ್ನೂ ಲೋಡ್ ಆಗಿಲ್ಲವೆಂದು ಭಾವಿಸಿ ಪೈಥಾನ್ ಅದೇ ಕಡತವನ್ನು ಎರಡನೆಯ ಬಾರಿ ಓದಿ, ಇನ್ನೊಂದು ಫ್ಲಾಸ್ಕ್ ಆ್ಯಪನ್ನು ಸೃಷ್ಟಿಸುತ್ತದೆ. ನಿಮ್ಮ ರೂಟ್‌ಗಳೆಲ್ಲ ಸೇರಿರುವುದು ಆ ಎರಡನೆಯದಕ್ಕೆ, ಓಡುತ್ತಿರುವುದು ಮೊದಲನೆಯದು. ಸ್ಟ್ಯಾಟಿಕ್ ರೂಟನ್ನು ಫ್ಲಾಸ್ಕ್ ತಾನೇ ಸೇರಿಸುವುದರಿಂದ ಚಿತ್ರಗಳಷ್ಟೇ ಕಾಣುತ್ತಿವೆ. ಆ್ಯಪ್.ಪೈ ಕಡತದ ಮೊದಲ ಸಾಲಿನಲ್ಲಿ ಮಾಡ್ಯೂಲಿನ ಹೆಸರನ್ನು ಪ್ರಿಂಟ್ ಮಾಡಿಸಿ ನೋಡಿ.

ಹಳೇಸರ್ವರ್: ಡೀಬಗ್ ಇದ್ದರೆ, ಕೋಡ್ ಬದಲಾದಾಗ ಆ್ಯಪನ್ನು ಮತ್ತೆ ಚಾಲೂ ಮಾಡುವ ರೀಲೋಡರ್‌ನಿಂದಾಗಿ ಎಲ್ಲವೂ ಎರಡೆರಡು ಸಲ ಪ್ರಿಂಟ್ ಆಗುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ.

ಮಲೆನಾಡಿಗ: ರೀಲೋಡರನ್ನು ನಿಲ್ಲಿಸಿಯೇ ನೋಡಿದೆ: ಮೊದಲು ‘ಮೇನ್’, ಅನಂತರ ‘ಆ್ಯಪ್’. ಫ್ಲಾಸ್ಕ್ ರನ್ ಎಂದು ಚಾಲೂ ಮಾಡಿದರೆ ಒಂದೇ ಸಾಲು ಬರುತ್ತದೆ, ಪುಟಗಳೂ ತೆರೆಯುತ್ತವೆ.

ಕೋಡಿಗ: ಸದ್ಯಕ್ಕೆ ಅಷ್ಟು ಸಾಕು. ಆದರೆ ಎರಡು ಕಡತಗಳು ಒಂದನ್ನೊಂದು ಇಂಪೋರ್ಟ್ ಮಾಡಿಕೊಳ್ಳುವುದು ಉಳಿದೇ ಇದೆ. ಸದಸ್ಯರಿಗೊಂದು, ಪುಸ್ತಕಗಳಿಗೊಂದು ಬ್ಲೂಪ್ರಿಂಟ್ (ರೂಟ್‌ಗಳ ಗುಂಪು) ಮಾಡಿ, ಆ್ಯಪನ್ನು ಒಂದು ಫಂಕ್ಷನ್ನಿನೊಳಗೆ ಸೃಷ್ಟಿಸಿ ಅಲ್ಲಿಯೇ ಅವನ್ನು ನೋಂದಾಯಿಸಿದರೆ, ರೂಟ್‌ಗಳ ಕಡತವು ಆ್ಯಪನ್ನು ಕೇಳುವ ಪ್ರಮೇಯವೇ ಬರುವುದಿಲ್ಲ.

ಮಲೆನಾಡಿಗ: ಹಾಗಾದರೆ ಡೇಟಾಬೇಸಿನ ಡಿಬಿ ವಸ್ತುವನ್ನು ಎಲ್ಲಿಡಬೇಕು? ಅದು ಈಗ ಆ್ಯಪ್.ಪೈ ಕಡತದಲ್ಲಿಯೇ ಇದೆ.

ಹಳೇಸರ್ವರ್: ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಓರೆಗೆರೆಗಳನ್ನೂ ಒಮ್ಮೆ ನೋಡಿಕೊಳ್ಳಿ.