ಪೌತಿ ಖಾತೆಗೆ ಅಕ್ಕಂದಿರ ಹೆಸರು ಸೇರಿಸಲೇಬೇಕಾ?

ತೆಂಗಿನ ತೋಟ: ಅಪ್ಪ ತೀರಿಕೊಂಡು ಆರೇಳು ತಿಂಗಳಾಯ್ತು. ವಿಲ್ ಬರೆದಿಲ್ಲ. ಈಗ ಪೌತಿ ಖಾತೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸೋದು, ಮಾಡಿಸಬೇಕು. ತಿಪಟೂರು ಹತ್ತಿರ ಅಪ್ಪನೇ ಕೊಂಡ ಮೂರು ಎಕರೆ ತೋಟ ಇದೆ, ಬ್ಯಾಂಕಲ್ಲಿ ಒಂದು ಎಫ್‌ಡಿ ಇದೆ. ಅದಕ್ಕೆ ನಾಮಿನಿ ನಾನು. ಮನೆಯಲ್ಲಿ ಅಮ್ಮ, ಅಪ್ಪನ ತಾಯಿ, ನಾನು ಇದ್ದೇವೆ. ಅಕ್ಕಂದಿರಿಬ್ಬರಿಗೂ ಮದುವೆಯಾಗಿದೆ. ವಂಶವೃಕ್ಷದಲ್ಲಿ ಅಕ್ಕಂದಿರನ್ನು ತೋರಿಸಬೇಡ, ಖಾತೆ ನಿನ್ನೊಬ್ಬನ ಹೆಸರಿಗೆ ಸಲೀಸಾಗಿ ಆಗುತ್ತೆ ಅಂತಾರೆ ಊರವರು. ಏನು ಮಾಡಲಿ?

ವಕೀಲರ ಮನೆ: ದಯವಿಟ್ಟು ಹಾಗೆ ಮಾಡಬೇಡಿ. ವಂಶವೃಕ್ಷಕ್ಕೆ ನೀವು ಅಫಿಡವಿಟ್ ಕೊಡ್ತೀರಿ, ಅದರಲ್ಲಿ ಸುಳ್ಳು ಹೇಳಿದರೆ ಕ್ರಿಮಿನಲ್ ಕೇಸು ಆಗಬಹುದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ತಾಯಿ ಎಲ್ಲರಿಗೂ ಸಮಪಾಲು. ನಿಮ್ಮಲ್ಲಿ ಐದು ಪಾಲು. ಎಲ್ಲರೂ ಮರೆಯೋದು ಅಜ್ಜಿಯನ್ನು.

ಹೊಳೆಸಾಲು ರೈತ: ಕಾನೂನು ಸರಿ ಸಾರ್, ಉಳುಮೆ ಮಾಡೋನ ಕಷ್ಟವನ್ನೂ ನೋಡಿ. ಪಹಣಿಯಲ್ಲಿ (ಜಮೀನಿನ ಸರ್ಕಾರಿ ದಾಖಲೆ) ಐದು ಹೆಸರಿದ್ದರೆ ಬೆಳೆ ಸಾಲಕ್ಕೆ ಐದೂ ಜನರ ಸಹಿ ಕೇಳ್ತಾರೆ. ನಮ್ಮ ಮನೆಯಲ್ಲಿ ಪುಣೆಯಲ್ಲಿರೋ ತಂಗಿ ಬರೋಕಾಗದೆ ಡ್ರಿಪ್ ಸಬ್ಸಿಡಿ ಅರ್ಜಿ ಹಾಗೇ ಬಿದ್ದಿತ್ತು. ಅಕ್ಕಂದಿರೇ ಬೇಡ ಅಂದ ಮೇಲೆ ಇದೆಲ್ಲ ಯಾಕೆ?

ಮೈಸೂರು ಮಗಳು: ಅವರು ಬೇಡ ಅಂದರು ಅಂತ ಯಾರು ಹೇಳಿದ್ದು, ಅಣ್ಣ? ನನ್ನನ್ನು ಯಾರೂ ಕೇಳಲೇ ಇಲ್ಲ. ಆನ್‌ಲೈನಲ್ಲಿ ಪಹಣಿ ತೆಗೆದಾಗ ತಮ್ಮನ ಹೆಸರೊಂದೇ ಇತ್ತು, ಹನ್ನೊಂದನೇ ಕಾಲಂನಲ್ಲಿ ಅವನು ಮಾಡಿದ ಸಾಲವೂ ಇತ್ತು. ಈಗ ಕೋರ್ಟಲ್ಲಿದ್ದೇವೆ. ಹಬ್ಬಕ್ಕೂ ತವರಿಗೆ ಹೋಗೋ ಹಾಗಿಲ್ಲ.

ವಕೀಲರ ಮನೆ: ರೈತರು ಹೇಳೋ ತೊಂದರೆ ನಿಜ, ಅದಕ್ಕೆ ದಾರಿಯೂ ಇದೆ. ಮೊದಲು ಐವರ ಹೆಸರಿಗೂ ಜಂಟಿ ಪೌತಿ ಖಾತೆ ಮಾಡಿಸಿ. ಅಕ್ಕಂದಿರು ಮನಸಾರೆ ಬಿಟ್ಟುಕೊಡೋದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ. ಛಾಪಾ ಕಾಗದದ ಮೇಲೆ ಸುಮ್ಮನೆ ಸಹಿ ಹಾಕಿಸಿಕೊಂಡರೆ ಹಕ್ಕು ಹೋಗಲ್ಲ. ಜಮೀನನ್ನೇ ಹಂಚಿಕೊಳ್ಳೋದಾದರೆ 11ಇ ನಕ್ಷೆ (ಯಾರಿಗೆ ಯಾವ ಭಾಗ ಅಂತ ಅಳತೆ ಮಾಡಿ ತೋರಿಸೋ ಸರ್ವೆ ನಕ್ಷೆ) ಮಾಡಿಸಿ ವಿಭಾಗ ಪತ್ರ ನೋಂದಾಯಿಸಿ. ಖಾತೆ ಬದಲಾದ ಮಾತ್ರಕ್ಕೆ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ ಎಷ್ಟೋ ಸಲ ಹೇಳಿದೆ. ಒಂಟಿ ಖಾತೆ ನಂಬಿ ಕೊಂಡವನೂ ಸಿಕ್ಕಿಹಾಕಿಕೊಳ್ತಾನೆ. ಭೂಕಂದಾಯ ಕಾಯ್ದೆಯಲ್ಲಿ ಮೂರು ತಿಂಗಳೊಳಗೆ ತಿಳಿಸಬೇಕು ಅಂತಿದೆ, ತಡವಾದರೆ ಹಕ್ಕೇನೂ ಹೋಗಲ್ಲ.

ಕ್ಯಾಷ್ ಕೌಂಟರ್: ಎಫ್‌ಡಿ ಬಗ್ಗೆ ನಾನು ಹೇಳ್ತೀನಿ, ಬ್ಯಾಂಕಲ್ಲಿ ಕೆಲಸ ಮಾಡಿದವನು. ಮರಣ ಪತ್ರ, ನಿಮ್ಮ ಗುರುತಿನ ಚೀಟಿ, ಕ್ಲೇಮ್ ಫಾರ್ಮ್ ಕೊಡಿ. ನಾಮಿನಿ ಇದ್ದಾಗ ಬ್ಯಾಂಕ್ ಸಕ್ಸೆಷನ್ ಸರ್ಟಿಫಿಕೇಟ್ (ಕೋರ್ಟ್ ಕೊಡೋ ಉತ್ತರಾಧಿಕಾರ ಪತ್ರ) ಕೇಳಬಾರದು ಅನ್ನೋದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ನಾಮಿನಿ ಅಂದರೆ ಹಣ ಪಡೆಯೋನು ಅಷ್ಟೇ, ಅದೂ ಐದು ಜನರ ದುಡ್ಡು. ಅಪ್ಪನ ಎಟಿಎಂ ಕಾರ್ಡಿಂದ ಈಗ ಒಂದು ರೂಪಾಯಿ ಕೂಡ ತೆಗೀಬೇಡಿ. ಇನ್ನೊಂದು ಮಾತು, ಸಕ್ಸೆಷನ್ ಸರ್ಟಿಫಿಕೇಟ್ ಇರೋದು ಠೇವಣಿ, ಷೇರು, ಬರಬೇಕಾದ ಸಾಲ ಇಂಥವಕ್ಕೆ. ಜಮೀನಿಗೆ ಅದು ಬೇಕು ಅಂತ ಯಾರಾದರೂ ಫೀಸು ಕೇಳಿದರೆ ಕೊಡಬೇಡಿ.

ಹೊಳೆಸಾಲು ರೈತ: ಬಿಡುಗಡೆ ಪತ್ರದ ಮಾತು ಒಪ್ಪಿದೆ. ಅಜ್ಜಿ ಪಾಲಿನ ಗತಿ? ನಾಳೆ ಅಜ್ಜಿ ಹೋದರೆ ಚಿಕ್ಕಪ್ಪ, ಅತ್ತೆಯರೂ ತೋಟಕ್ಕೆ ಬರ್ತಾರಲ್ಲ?

ವಕೀಲರ ಮನೆ: ಬರ್ತಾರೆ. ಅಜ್ಜಿ ವಿಲ್ ಮಾಡದೆ ಹೋದರೆ ಆ ಐದನೇ ಒಂದು ಪಾಲು ಅವರ ಎಲ್ಲ ಮಕ್ಕಳಿಗೂ ಹೋಗುತ್ತೆ, ತೀರಿಹೋದ ಮಗನ ಪಾಲು ಅವನ ಮಕ್ಕಳಿಗೆ. ಅಜ್ಜಿ ಅದನ್ನು ದಾನಪತ್ರದಲ್ಲಿ ಕೊಡಬಹುದು, ವಿಲ್ ಬರೆಯಬಹುದು, ಹಾಗೇ ಇಟ್ಟುಕೊಳ್ಳಲೂಬಹುದು. ಪೂರ್ತಿ ಅವರಿಷ್ಟ. ಹೆಬ್ಬೆಟ್ಟು ಒತ್ತಿಸಿಕೊಳ್ಳೋಕೆ ಕರ್ಕೊಂಡು ಹೋಗಬೇಡಿ, ಓದಿ ಹೇಳಿ, ಅರ್ಥ ಆಯ್ತಾ ಕೇಳಿ.

ತೆಂಗಿನ ತೋಟ: ಅಕ್ಕಂದಿರ ಆಧಾರ್ ಪ್ರತಿ ತರಿಸಿಕೊಂಡು ನಾಡಕಚೇರಿಯಲ್ಲಿ ಐದೂ ಹೆಸರಿಗೆ ಅರ್ಜಿ ಹಾಕ್ತೀನಿ. ಅಜ್ಜಿ ಜೊತೆ ಮಾತಾಡೋವಾಗ ಚಿಕ್ಕಪ್ಪನನ್ನೂ ಕೂರಿಸ್ಕೋಬೇಕಾ ಸಾರ್?

ವಕೀಲರ ಮನೆ: ಮಾತಿಗೆ ಕೂರಿಸಿಕೊಳ್ಳಿ. ಆದರೆ ಪತ್ರ ಮಾಡಿಸೋ ದಿನ ಸಾಕ್ಷಿಗಳು ಹೊರಗಿನವರಾಗಿರಲಿ.